ಎವಾಸೊ ನದಿಗೊಂದು ಬಾಗಿನ

ಬಾಡಿಗೆಗೆ ಬಸ್ಸು ಗೊತ್ತು ಮಾಡಲು ಹೋಗುವವರು ಮೊದಲು ಬಸ್ಸನ್ನು ನೋಡಬಾರದು, ಅದರ ಟೈರಿನ ಬುಡ ನೋಡಬೇಕು. ಅಲ್ಲಿ ಹುಲ್ಲು ಚಿಗುರಿದ್ದರೆ ಗಾಡಿ ಬಹಳ ದಿನದಿಂದ ಹೊರಟಿಲ್ಲ ಎಂದು ಅರ್ಥ. ಅಲ್ಲಿಗೆ ಮಾತು ನಿಮ್ಮ ಕೈಗೆ ಬಂತು. ಈ ಪರದೇಶದಲ್ಲಿ ನಾವು ನೆಲೆಸಿರುವ ಪಂಗಾನಿ ಬಡಾವಣೆಯಲ್ಲಿ, ನನ್ನ ನಲ್ಲಿ, ಪೈಪುಗಳ ಅಂಗಡಿಯ ಹಿಂದಿನ ಬೀದಿಯಲ್ಲಿ ಅಂಥದೊಂದು ಬಸ್ಸು ನಿಂತಿತ್ತು. ಇಪ್ಪತ್ತೈದು ಸೀಟಿನದು. ನಾವಿದ್ದದ್ದು ನಾಲ್ಕೇ ಜನ: ನಾನು, ಹೆಂಡತಿ, ಹದಿನಾರು ವರ್ಷದ ಮಗಳು, ಮೈಸೂರಿನಿಂದ ಬಂದಿದ್ದ ಅತ್ತೆ. ನಾಲ್ವರಿಗೆ ವ್ಯಾನು ಧಾರಾಳವಾಗಿ ಸಾಕು. ಆದರೆ ವೆಸ್ಟ್‌ಲ್ಯಾಂಡ್ಸ್‌ನ ವ್ಯಾನಿನವರು ನನ್ನ ಮುಖ ಕಂಡ ಕೂಡಲೇ ಪ್ರವಾಸಿಗರ ದರ ಹೇಳಿದರು. ಈ ಬಸ್ಸಿನ ಮಾಲೀಕನ ಜೊತೆ ನಿಧಾನವಾಗಿ ಚಹಾ ಕುಡಿದೆ, ಎರಡು ಸಲ ಎದ್ದು ಹೊರಟಂತೆ ಮಾಡಿದೆ, ಕೊನೆಗೆ ವ್ಯಾನಿಗಿಂತ ಕಡಿಮೆ ಬಾಡಿಗೆಗೆ ಇಡೀ ಬಸ್ಸನ್ನೇ ಗಿಟ್ಟಿಸಿಕೊಂಡೆ, ಡ್ರೈವರ್ ಸಮೇತ.

"ಫೆಬ್ರವರಿಯಲ್ಲಿ ಆ ಕಡೆ ಯಾರೂ ಹೋಗುವುದಿಲ್ಲ, ಅದಕ್ಕೇ ಈ ದರಕ್ಕೆ ಒಪ್ಪಿದ್ದು" ಎಂದು ಮಾಲೀಕ ಕೈಕುಲುಕುವಾಗ ಹೇಳಿದ. ನನಗೆ ದರ ಕೇಳಿಸಿತು, ಯಾರೂ ಏಕೆ ಹೋಗುವುದಿಲ್ಲ ಎಂದು ಕೇಳಬೇಕೆನ್ನಿಸಲಿಲ್ಲ.

ಮನೆಯಲ್ಲಿ ಹೆಂಡತಿ ನಕ್ಕಳು. "ನಾಲ್ಕು ಜನಕ್ಕೆ ಬಸ್ಸಾ ರೀ? ಏನು, ದಿಬ್ಬಣ ಹೊರಟಿದೀವಾ?"

"ವ್ಯಾನಿಗಿಂತ ಅಗ್ಗ ಕಣೇ. ಕಾಲು ಚಾಚ್ಕೊಂಡು ಕೂತ್ಕೋ."

"ಅಗ್ಗಕ್ಕೆ ಸಿಕ್ಕಿದ್ರೆ ನೀವು ರೈಲನ್ನೂ ಮನೆ ಬಾಗಿಲಿಗೆ ತರ್ತೀರ."

ಪ್ರವಾಸದಂತೆ ಕಂಡರೂ ಹೊರಟದ್ದು ಹರಕೆಗೆ. ಎರಡು ವರ್ಷದ ಹಿಂದೆ ಮಗಳ ಶಾಲೆಯವರು ಮಕ್ಕಳನ್ನು ಉತ್ತರದ ಒಣನಾಡಿಗೆ, ಎವಾಸೊ ನದಿಯ ದಂಡೆಗೆ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದರು. ಬಂದ ಮೇಲೆ ಅವಳಿಗೆ ಜ್ವರ ಹಿಡಿಯಿತು. ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಮಲಗಿಸಿದೆವು. ಡಾಕ್ಟರು ಒಳ್ಳೆಯವರೇ, ಔಷಧವೂ ಒಳ್ಳೆಯದೇ, ಜ್ವರ ಮಾತ್ರ ಹಠ ಹಿಡಿದು ಕೂತಿತ್ತು. ಆಗ ಹೆಂಡತಿ ವಾರ್ಡಿನ ಕಿಟಕಿಯ ಪಕ್ಕ ನಿಂತು ಆ ನದಿಗೇ ಹೇಳಿಕೊಂಡಳು: ನಿನ್ನ ನೀರಲ್ಲಿ ಆಡಿ ಬಂದ ಮಗು, ನೀನೇ ಉಳಿಸಿಕೊಡು ತಾಯಿ, ಹರಿಯೋ ನೀರಿಗೆ ಬಾಗಿನ ತಂದುಕೊಡ್ತೀನಿ.

ಮಗಳು ಎದ್ದಳು, ಶಾಲೆಗೂ ಹೋದಳು. ಹರಕೆ ಮಾತ್ರ ಹಾಗೇ ಉಳಿಯಿತು. ಒಮ್ಮೆ ನನ್ನ ಅಂಗಡಿಗೆ ಮಾಲು ಬರುವುದಿತ್ತು, ಇನ್ನೊಮ್ಮೆ ಮಗಳ ಪರೀಕ್ಷೆ. ಆ ಮೇಲೆ ಮಗಳು ಒಂದು ಸಲ ಸೀನಿದರೂ ಹೆಂಡತಿ ಅವಳ ಹಣೆ ಮುಟ್ಟಿ ನೋಡುವಳು. ಈಗ ಮಗಳಿಗೆ ನಕೂರು ಕಡೆಯ ಒಂದು ಹಾಸ್ಟೆಲ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಪ್ರಾಣಿಗಳ ಡಾಕ್ಟರಾಗಬೇಕೆಂಬ ಹುಡುಗಿ. ಆ ಶಾಲೆಗೆ ಸ್ವಂತದ ಹಸು, ಕುರಿ, ಪ್ರಯೋಗಶಾಲೆ ಎಲ್ಲಾ ಇತ್ತು. ಫೆಬ್ರವರಿಯ ರಜೆ ಮುಗಿಯುವುದರೊಳಗೆ ಹೌದು ಅಥವಾ ಇಲ್ಲ ಹೇಳಬೇಕಿತ್ತು.

"ಹರಕೆ ತೀರೋವರೆಗೂ ನೀನು ನನ್ನ ಕಣ್ಣಿಂದ ದೂರ ಹೋಗೋ ಹಾಗಿಲ್ಲ" ಎಂದು ಹೆಂಡತಿ ಖಡಾಖಂಡಿತ ಹೇಳಿದಳು.

"ಹಾಗಾದ್ರೆ ತೀರಿಸಿಬಿಡು ಅಮ್ಮಾ! ಲೆಟ್ಸ್ ಗೋ!" ಎಂದಳು ಮಗಳು. ನಮ್ಮ ಮಗಳು ಎಲ್ಲಾ ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಏನಾದರೂ ಬೇಕಿದ್ದಾಗ ಮಾತ್ರ ಕನ್ನಡ ಬರುತ್ತದೆ. ಆ ವಾರವೆಲ್ಲ ಮನೆಯಲ್ಲಿ ಶುದ್ಧ ಕನ್ನಡ ಕೇಳುತ್ತಿತ್ತು.

ಅತ್ತೆ ಮೈಸೂರಿನಿಂದ ಬರುವಾಗಲೇ ಜೋಡಿ ಮೊರವನ್ನು ಹಳೆಯ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದರು. ಬಳೆ, ಕರಿಮಣಿ, ಬಿಚ್ಚೋಲೆ, ಪುಟ್ಟ ಕನ್ನಡಿ, ಬಾಚಣಿಗೆ ಎಲ್ಲವೂ ಅಲ್ಲಿಂದಲೇ. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ಮಾತ್ರ ನಾನು ಇಲ್ಲಿ ತಂದೆ. ಕಾಯಿಯ ವಿಷಯದಲ್ಲಿ ನಾನು ತಿಪಟೂರಿನವನು, ಅಲುಗಾಡಿಸಿ ಕೇಳದೆ ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ.

ಬೆಳಿಗ್ಗೆ ಹೊರಟೆವು. ಖಾಲಿ ಬಸ್ಸಿನಲ್ಲಿ ಕುಟುಂಬ ಎಂಬುದು ಹೇಗೆ ಚೆದುರಿಹೋಗುತ್ತದೆ ಎಂದು ಆ ದಿನ ನೋಡಿದೆ. ಮಗಳು ಕಟ್ಟಕಡೆಯ ಸೀಟಿನಲ್ಲಿ ಉದ್ದಕ್ಕೆ ಮಲಗಿದಳು. ಹೆಂಡತಿ ನಡುವೆ ಕಿಟಕಿ ಹಿಡಿದಳು, ಪಕ್ಕದ ಸೀಟಿನಲ್ಲಿ ಬಾಗಿನ. ಅತ್ತೆ ಊಟದ ಡಬ್ಬಿಗಳಿಗೇ ಒಂದು ಸಾಲು ಬಿಟ್ಟುಕೊಟ್ಟರು. ನಾನು ಡ್ರೈವರನ ಹಿಂದೆ ಕೂತೆ, ಅವನಿಗೆ ದಾರಿ ಹೇಳಲು. ಅವನು ಇಲ್ಲಿನ ಕಿಕುಯು ಜನಾಂಗದವನು, ನನಗಿಂತ ಸ್ವಲ್ಪ ಚಿಕ್ಕವನು, ದಾರಿ ಚೆನ್ನಾಗಿ ಬಲ್ಲವನು. ನನ್ನ ಮಾತಿಗೆಲ್ಲ "ಸವಾ, ಸವಾ" ಎಂದು ತಲೆಯಾಡಿಸುತ್ತ ತನ್ನ ಲೆಕ್ಕದಲ್ಲೇ ಓಡಿಸುತ್ತಿದ್ದ. ಅತ್ತೆಯನ್ನು ಮಾತ್ರ "ಶೋಶೋ", ಅಜ್ಜಿ, ಎಂದು ಕರೆದು ಅವರು ಕೊಟ್ಟ ಕೋಡುಬಳೆಯನ್ನೆಲ್ಲ ತಿಂದ.

ಥೀಕಾ ದಾಟಿ ಸಗಾನಾ ಹತ್ತಿರ ಸೇತುವೆಯ ಕೆಳಗೆ ನೀರು ಬಂಡೆಗಳ ನಡುವೆ ನೊರೆ ಕಟ್ಟಿಕೊಂಡು ಹರಿಯುತ್ತಿತ್ತು. ನಾನು ವ್ಯಾಪಾರಿ, ಒಳ್ಳೆಯ ಮಾಲು ಹತ್ತಿರದಲ್ಲೇ ಸಿಕ್ಕಿದರೆ ದೂರ ಹೋಗುವವನಲ್ಲ.

"ನೋಡೇ, ಎಂಥಾ ನೀರು! ಇಲ್ಲೇ ಕೊಟ್ಟುಬಿಡೋಣ. ಎಲ್ಲಾ ನದೀನೂ ಗಂಗೆ ಅಂತ ನೀನೇ ಹೇಳ್ತೀಯಲ್ಲ?"

"ಹೇಳಿಕೊಂಡಿದ್ದು ಎವಾಸೊಗೆ. ಸಗಾನಾಗಲ್ಲ."

"ಈಗ ಇಲ್ಲಿ ಅರ್ಧ ಕೊಡೋಣ, ಅಲ್ಲಿ ಅರ್ಧ. ಮೊರಾನೂ ಎರಡಿವೆ."

ಅತ್ತೆ ಡಬ್ಬಿಗಳ ಸಾಲಿನಿಂದ ತಲೆಯೆತ್ತಿದರು. "ಅಳಿಯಂದ್ರೇ, ಇದು ನಲ್ಲಿ ಅಲ್ಲ, ಹರಕೆ. ಇದರಲ್ಲಿ ಚೌಕಾಸಿ ಮಾಡ್ಬಾರ್ದು."

ಹಿಂದಿನ ಸೀಟಿನಿಂದ ಮಗಳ ನಗು ಕೇಳಿಸಿತು. ಡ್ರೈವರ್ ಏನಾಯಿತು ಎಂದು ಕೇಳಿದ. ಹೇಳಿದೆ. ಅವನೂ ನಕ್ಕ.

ನನ್ಯೂಕಿ ದಾಟಿದ ಮೇಲೆ ರಸ್ತೆ ಇಳಿಯತೊಡಗಿತು. ಗೋಧಿಯ ಹೊಲ, ತಣ್ಣನೆಯ ಗಾಳಿ ಹಿಂದೆ ಉಳಿದವು. ಇಸಿಯೊಲೊಗೆ ಬರುವಷ್ಟರಲ್ಲಿ ನಾವೆಲ್ಲ ಸ್ವೆಟರು ಬಿಚ್ಚಿದ್ದೆವು. ಅಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿ ಚಪಾತಿ, ಹುರುಳಿಕಾಯಿ ಬೀಜದ ಸಾರು ತಿಂದೆವು. ಅತ್ತೆ ತಮ್ಮ ಅವಲಕ್ಕಿಯನ್ನು ಬಸ್ಸಿನಲ್ಲೇ ಮುಗಿಸಿದರು. ಊರಿನಾಚೆ ಭೂಮಿ ಕೆಂಪಗೆ, ಚಪ್ಪಟೆಯಾಗಿ, ಮುಳ್ಳುಗಿಡಗಳನ್ನು ದೂರ ದೂರ ನೆಟ್ಟಂತೆ ಬಿದ್ದುಕೊಂಡಿತ್ತು. ರಸ್ತೆ ಮಾತ್ರ ನಮ್ಮ ಬೆಂಗಳೂರಿನ ರಿಂಗ್ ರಸ್ತೆ ನಾಚುವಷ್ಟು ನುಣುಪು. ಒಂಟೆಗಳು ಡಾಂಬರಿನ ಮೇಲೆ ಅಂಗಡಿಗೆ ಹೊರಟವರ ಹಾಗೆ ಸಾವಧಾನವಾಗಿ ನಡೆಯುತ್ತಿದ್ದವು.

ಎವಾಸೊ ದಂಡೆಯ ಊರು ಆರ್ಚರ್ಸ್ ಪೋಸ್ಟ್‌ನಲ್ಲಿ ವಸತಿ ಗೊತ್ತು ಮಾಡಿದ್ದೆ. ಫೋನಿನಲ್ಲಿ ನಾನು ಕೇಳಿದ್ದೆ, ನದಿ ಕಾಣುವ ಕೋಣೆಗೆ ಹೆಚ್ಚು ದರವೇ ಎಂದು. ಆ ಕಡೆಯ ಹೆಂಗಸು ಸ್ವಲ್ಪ ತಡೆದು, "ಈಗ ಎಲ್ಲ ಕೋಣೆಗೂ ಒಂದೇ ದರ" ಎಂದಿದ್ದಳು. ಹಾಗಾದರೆ ನದಿ ಕಾಣುವುದನ್ನೇ ಕೊಡಿ ಎಂದು ಗಟ್ಟಿ ಮಾಡಿ, ಆ ದಿನವೆಲ್ಲ ಖುಷಿಯಲ್ಲಿದ್ದೆ.

ಊರು ಹತ್ತಿರವಾದಾಗ ಮಗಳು ಮುಂದಕ್ಕೆ ಓಡಿಬಂದು ಗಾಜಿಗೆ ಹಣೆ ಹಚ್ಚಿ ನಿಂತಳು. ಸೇತುವೆ ಬಂತು. ಡ್ರೈವರ್ ತಾನಾಗಿಯೇ ನಿಧಾನ ಮಾಡಿದ.

ಕೆಳಗೆ ಮರಳು. ಈ ದಂಡೆಯಿಂದ ಆ ದಂಡೆಯವರೆಗೆ, ಜರಡಿ ಹಿಡಿದಂಥ ಮರಳು. ನಡುವೆ ಎರಡು ಕತ್ತೆಗಳು ನಿಂತಿದ್ದವು.

"ನದಿ ಎಲ್ಲಿ ಅಳಿಯಂದ್ರೇ?" ಎಂದರು ಅತ್ತೆ.

"ಇದೇ ಅತ್ತೆ."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಬಾಗಿನದ ಮೇಲೆ ಮುಚ್ಚಿದ ರವಿಕೆಬಟ್ಟೆ ಜಾರಿತ್ತು, ಹೆಂಡತಿ ಅದನ್ನು ಸರಿ ಮಾಡಿದಳು. ಡ್ರೈವರ್ ನನ್ನ ಕಡೆ ತಿರುಗಿದ. "ಇದು ಮಳೆಗೆ ಮುಂಚಿನ ಕಾಲ, ಯಜಮಾನರೇ. ಕೆಟ್ಟ ವರ್ಷ ಹೀಗೇ. ಅದಕ್ಕೇ ಫೆಬ್ರವರಿಯಲ್ಲಿ ಯಾರೂ ಬರುವುದಿಲ್ಲ. ಮಾಲೀಕರು ಹೇಳಲಿಲ್ಲವೇ?"

ಜೀವಮಾನವೆಲ್ಲ ನೀರು ಬಿಡುವ ಸಾಮಾನು ಮಾರಿದವನು ನಾನು. ನದಿಗೂ ಋತು ಉಂಟು ಎಂಬುದು ಹೊಳೆದಿರಲಿಲ್ಲ. ಆದ್ದರಿಂದ ಹೇಳುತ್ತೇನೆ, ಯಾರಾದರೂ ಕೇಳುವ ಮುಂಚೆಯೇ ದರ ಇಳಿಸಿದರೆ ಇಳಿದ ದರವನ್ನು ಜೇಬಿಗೆ ಹಾಕಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ.

ಸಂಜೆ ನದಿ ಕಾಣುವ ಕೋಣೆಯ ಮುಂದೆ ಕೂತು ಮರಳು ನೋಡಿದೆವು. ನೋಟ ಕೆಟ್ಟದ್ದೇನಲ್ಲ. ಬಿಸಿಲು ಇಳಿಯುತ್ತ ಮರಳು ಬೆಲ್ಲದ ಬಣ್ಣಕ್ಕೆ ತಿರುಗಿತು. ನಾನು ನಿಧಾನವಾಗಿ ಒಂದು ಉಪಾಯ ಮುಂದಿಟ್ಟೆ. "ಬಸ್ಸಲ್ಲಿ ಕುಡಿಯೋ ನೀರಿನ ದೊಡ್ಡ ಕ್ಯಾನ್ ಇದೆ. ಮರಳ ಮೇಲೆ ಸುರಿದರೆ ಹರಿಯತ್ತೆ. ಹರಿಯೋ ನೀರು ತಾನೇ ನೀನು ಹೇಳಿಕೊಂಡಿದ್ದು?"

ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ನಾನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡೆ.

"ಸೋ ದಟ್ಸ್ ಇಟ್?" ಎಂದಳು ಮಗಳು. "ನದಿ ಒಣಗಿದ್ರೆ ಅದು ನನ್ನ ತಪ್ಪಾ?"

"ನಿನ್ನ ತಪ್ಪು ಅಂದೆನಾ ನಾನು?"

"ಹಾಸ್ಟೆಲ್‌ಗೆ ಏನ್ ಹೇಳ್ಲಿ? ದೇರ್ ಈಸ್ ನೋ ವಾಟರ್ ಅಂತ ಬರೀಲಾ?"

"ಮಳೆ ಬಂದ ಮೇಲೆ ಇನ್ನೊಂದು ಸಲ ಬರೋಣ. ಮುಂದಿನ ವರ್ಷ ಸೇರ್ಕೋ."

"ಮುಂದಿನ ವರ್ಷ ಆ ಸೀಟು ಇರಲ್ಲ ಅಮ್ಮಾ. ನಿಂಗೂ ಗೊತ್ತು."

ಹೆಂಡತಿಗೆ ಗೊತ್ತಿತ್ತು. ಅವಳ ಮುಖದಲ್ಲಿ ಹಠ ಇರಲಿಲ್ಲ, ಭಯವಿತ್ತು. ಆ ಭಯದ ಮುಂದೆ ನನ್ನ ಯಾವ ಮಾತೂ ನಡೆಯುವುದಿಲ್ಲ ಎಂದು ನನಗೆ ಆಸ್ಪತ್ರೆಯ ದಿನಗಳಿಂದಲೂ ಗೊತ್ತಿತ್ತು. ಅತ್ತೆ ಮೊಮ್ಮಗಳ ತಲೆ ಸವರಿ, "ನಾಳೆ ಒಂದಿನ ಹುಡುಕೋಣ ಕಣೇ ಪುಟ್ಟಿ. ಇಷ್ಟುದ್ದ ನದಿ, ಎಲ್ಲಾದ್ರೂ ಒಂಚೂರು ನೀರು ಇದ್ದೇ ಇರತ್ತೆ" ಎಂದರು.

ಮರುದಿನ ಡಾಂಬರು ಬಿಟ್ಟು ನದಿಯ ಪಕ್ಕದ ಮಣ್ಣುದಾರಿ ಹಿಡಿದೆವು. ಆ ದಾರಿಯ ಊರುಗಳೆಲ್ಲ ಒಂದೇ ಅಚ್ಚಿನವು: ಒಂದು ಬೀದಿ, ತಗಡಿನ ಅಂಗಡಿಗಳು, ಸಣ್ಣ ಮಸೀದಿ ಅಥವಾ ಚರ್ಚು, ನೆರಳಿಗೊಂದು ಅಕೇಶಿಯಾ ಮರ. ಬಸ್ಸು ನಿಂತ ಕೂಡಲೇ ಜನ ಬಂದು ಒಳಗೆ ಇಣುಕುವರು. ಇಷ್ಟು ದೊಡ್ಡ ಗಾಡಿಯಲ್ಲಿ ಇಷ್ಟೇ ಜನ ಏಕೆ ಎಂದು ಅವರಿಗೂ ಆಶ್ಚರ್ಯ. ನೀರು ಎಲ್ಲಿದೆ ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ಮ್ಬೇಲೆ." ಮುಂದೆ. ಮುಂದಿನ ಊರಿನಲ್ಲಿ ಕೇಳಿದರೂ ಮುಂದೆ. ಒಬ್ಬ ಅಂಗಡಿಯವನು ಮಾತ್ರ ಬಾಯಿ ಬಿಟ್ಟು ಹೇಳಿದ: ಮೇಲಿನ ತೋಟದವರು ನೀರೆಲ್ಲ ತಿರುಗಿಸಿಕೊಂಡಿದ್ದಾರೆ, ಮಳೆಯಾಗದೆ ಕೆಳಗೆ ಹನಿ ಬರುವುದಿಲ್ಲ. ಹೀಗೆ ಹೇಳುತ್ತಲೇ ನನಗೆ ಒಂದು ಟಾರ್ಚು ಮಾರಿದ. ಒಳ್ಳೆಯ ವ್ಯಾಪಾರಿ.

ಎರಡನೆಯ ಊರು ಬಿಟ್ಟ ಮೇಲೆ ದಾರಿಬದಿಯಲ್ಲಿ ಒಬ್ಬ ಹೆಂಗಸು ಕೈ ಬೀಸಿದಳು. ಕೊರಳ ತುಂಬ ಮಣಿಸರ, ಕಾಲಬಳಿ ಹಳದಿ ಪ್ಲಾಸ್ಟಿಕ್ ಕ್ಯಾನುಗಳು, ಖಾಲಿ. ಡ್ರೈವರ್ ನನ್ನನ್ನು ನೋಡಿದ. ಬಾಡಿಗೆ ಗಾಡಿಗೆ ಗುರುತಿಲ್ಲದವರನ್ನು ಹತ್ತಿಸಬಾರದು, ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. "ಬೇಡ, ಹೋಗು" ಎಂದೆ.

"ನಿಲ್ಸಪ್ಪಾ!" ಎಂದು ಅತ್ತೆ ಕನ್ನಡದಲ್ಲೇ ಕೂಗಿದರು. ಡ್ರೈವರ್ ಶೋಶೋ ಮಾತಿಗೆ ಬ್ರೇಕು ಹಾಕಿದ. "ಅಳಿಯಂದ್ರೇ, ಬಸ್ಸೆಲ್ಲ ಖಾಲಿ ಬಿದ್ದಿದೆ. ಬಿಸಿಲಲ್ಲಿ ಹೆಣ್ಣೆಂಗ್ಸು ನಿಂತಿದಾಳೆ. ನೋಡ್ಕೊಂಡು ಹೋಗ್ತೀರಾ?"

ಹೆಂಗಸು ಹತ್ತಿದಳು. ಕ್ಯಾನುಗಳನ್ನು ಸೀಟಿನ ಮೇಲೆ ಸಾಲಾಗಿ ಕೂರಿಸಿ ತಾನು ನಿಂತೇ ಇದ್ದಳು. ಅತ್ತೆ ಸೀಟು ತಟ್ಟಿ ತೋರಿಸಿದ ಮೇಲೆ ಪಕ್ಕದಲ್ಲಿ ಕೂತಳು. ಅವಳಿಗೆ ಸ್ವಾಹಿಲಿ ಸ್ವಲ್ಪ ಬರುತ್ತಿತ್ತು, ಅತ್ತೆಗೆ ಏನೂ ಬರುತ್ತಿರಲಿಲ್ಲ. ಆದರೂ ಅತ್ತೆ ಅವಳ ಮಣಿಸರ ಮುಟ್ಟಿ ನೋಡಿದರು, ಅವಳು ಅತ್ತೆಯ ಬಳೆ ತಿರುಗಿಸಿ ನೋಡಿದಳು. ಎಲ್ಲಿಗೆ ಎಂದು ನಾನು ಕೇಳಿದೆ. ನೀರಿಗೆ ಎಂದಳು. ಎಲ್ಲಿದೆ ನೀರು ಎಂದೆ. ನದಿಯಲ್ಲಿ ಎಂದಳು, ಇದೇನು ಕೇಳುವ ಮಾತು ಎಂಬಂತೆ.

ಮಗಳು ಸೀಟಿನಿಂದ ಎದ್ದು ನಿಂತಳು.

ಆ ಹೆಂಗಸು ಹೇಳಿದ ಕಡೆ ಬಸ್ಸು ನಿಂತಿತು. ಅಲ್ಲಿಯೂ ನದಿ ಎಂದರೆ ಮರಳೇ. ದಂಡೆ ಇಳಿದು ಅವಳ ಹಿಂದೆ ನಡೆದೆವು. ಪಾತ್ರದ ನಡುವೆ, ಮುಳ್ಳುಕೊಂಬೆಗಳನ್ನು ಹೊದಿಸಿದ ಗುಂಡಿಗಳಿದ್ದವು. ಅವಳು ಒಂದರ ಕೊಂಬೆ ಸರಿಸಿ ಮಂಡಿಯೂರಿ ತಗಡಿನ ಡಬ್ಬಿಯಿಂದ ತೋಡತೊಡಗಿದಳು. ಮಗಳೂ ಪಕ್ಕದಲ್ಲಿ ಕೂತು ಕೈಯಿಂದ ತೋಡಿದಳು. ಮರಳು ಮೊದಲು ಬೆಚ್ಚಗೆ, ಆಮೇಲೆ ತಣ್ಣಗೆ, ಆಮೇಲೆ ಕಪ್ಪಗೆ ಒದ್ದೆಯಾಗಿ ಬಂತು. ತೋಳುದ್ದ ಇಳಿದ ಮೇಲೆ ತಳದಲ್ಲಿ ನೀರು ಜಿನುಗಿತು. ಮೊದಲು ಮಣ್ಣು ಮಣ್ಣಾಗಿ. ಹೆಂಗಸು ಅದನ್ನು ಮೊಗೆದು ಚೆಲ್ಲಿದಳು. ಮತ್ತೆ ಬಂತು, ತಿಳಿಯಾಗಿ.

"ಅಮ್ಮಾ, ನೀರು!" ಎಂದಳು ಮಗಳು.

ಹೆಂಡತಿ ಬಗ್ಗಿ ನೋಡಿದಳು. "ನೀರು ಇದೆ. ಆದ್ರೆ ಇದು ಬಾವಿ ಕಣೇ. ನಾನು ಹೇಳಿಕೊಂಡಿದ್ದು ಹರಿಯೋ ನೀರಿಗೆ."

ಮಗಳು ಅಂಗೈಯ ಮರಳನ್ನು ಲಂಗಕ್ಕೆ ಒರೆಸಿಕೊಂಡು ಬೇರೆ ಕಡೆ ಮುಖ ತಿರುಗಿಸಿದಳು. ನನಗೆ ಬಾಯಿ ತುಂಬ ಮಾತು ಬಂದಿತ್ತು. ಬಾವಿಗೂ ನದಿಗೂ ಏನು ವ್ಯತ್ಯಾಸ ಎಂಬ ವಾದ ಆಗಲೇ ಸಿದ್ಧವಾಗಿತ್ತು. ಅತ್ತೆ ನನಗೆ ಕಣ್ಣಲ್ಲೇ ಸುಮ್ಮನಿರಿ ಎಂದರು. ಮಗಳಿಗೆ, ಅಂದರೆ ನನ್ನ ಹೆಂಡತಿಗೆ, ಹೇಳಿದರು: "ಕೊಡೋದು ಬಿಡೋದು ಆಮೇಲೆ. ಇಷ್ಟು ದೂರ ಬಂದು ಮುತ್ತೈದೆ ಹಾಗೇ ಹೋಗಬಾರದು. ಅರಿಶಿನ ಕುಂಕುಮ ಹಾಕಿ ಕೈಮುಗಿ."

ಹೆಂಡತಿ ಮಂಡಿಯೂರಿ, ಸೆರಗು ಹೊದ್ದು, ಒಂದು ಚಿಟಿಕೆ ಅರಿಶಿನವನ್ನು ನೀರಿಗೆ ಬಿಟ್ಟಳು. ಅದು ಬಿದ್ದಲ್ಲೇ ಹಳದಿಯಾಗಿ ನಿಂತಿತು. ಅವಳು ಕಣ್ಣು ಮುಚ್ಚಿ ಕೈಮುಗಿದಳು. ಬಹಳ ಹೊತ್ತು ಮುಚ್ಚಿದ್ದಳು. ಗಾಳಿ ಇರಲಿಲ್ಲ ಎಂದು ಹೇಳಲಾರೆ; ಇತ್ತೋ ಏನೋ. ನಾನು ಗುಂಡಿಯೊಳಗೆ ನೋಡುತ್ತ ನಿಂತಿದ್ದೆ. ಆ ಹಳದಿ ಮೆಲ್ಲಗೆ, ಇರುವೆ ನಡೆದಷ್ಟು ಮೆಲ್ಲಗೆ, ಒಂದು ಪಕ್ಕಕ್ಕೆ ಸರಿಯಿತು. ಎಳೆಯಾಗಿ ಉದ್ದವಾಯಿತು. ಆ ಕಡೆಯ ಗೋಡೆಯ ಮರಳಿಗೆ ತಾಗಿ ಒಳಗೆ ಸೇರಿಹೋಯಿತು. ಈ ಕಡೆಯ ಗೋಡೆಯಿಂದ ತಿಳಿ ನೀರು ಬರುತ್ತಲೇ ಇತ್ತು.

"ಅಮ್ಮಾ, ಕಣ್ಣು ಬಿಡು" ಎಂದಳು ಮಗಳು. ಪಿಸುಮಾತಿನಲ್ಲಿ, ಕನ್ನಡದಲ್ಲಿ. "ಇನ್ನೊಂದ್ಸಲ ಹಾಕು."

ಹೆಂಡತಿ ಮತ್ತೊಂದು ಚಿಟಿಕೆ ಹಾಕಿದಳು. ಅದೂ ಅದೇ ದಾರಿ ಹಿಡಿಯಿತು, ಸೇತುವೆಯ ಕೆಳಗೆ ನದಿ ಯಾವ ಕಡೆ ಹೋಗಬೇಕಿತ್ತೋ ಅದೇ ಕಡೆಗೆ.

"ಇಟ್ಸ್ ಫ್ಲೋಯಿಂಗ್" ಎಂದಳು ಮಗಳು. "ಕೆಳಗಡೆ ಹೋಗ್ತಾ ಇದೆ. ನೋಡು."

ಅತ್ತೆ ಗುಂಡಿಯ ಅಂಚಿಗೆ ಬಗ್ಗಿ ನೋಡಿ ಗಲ್ಲ ಗಲ್ಲ ತಟ್ಟಿಕೊಂಡರು. ಹೆಂಡತಿ ನನ್ನ ಕಡೆ ತಿರುಗಿದಳು. "ಹೌದಾ ರೀ? ಹರೀತಿದೆಯಾ? ನಿಜ ಹೇಳಿ."

ನೀರಿನ ಒತ್ತಡ, ಇಳಿಜಾರು, ಗಾಳಿ, ಇವುಗಳ ಬಗ್ಗೆ ನನಗೆ ನಾಲ್ಕು ಮಾತು ಗೊತ್ತು. ನಾನೇ ಮಂಡಿಯೂರಿ ಎರಡು ಕಡೆಯ ಗೋಡೆಗೂ ಬೆರಳು ಹಚ್ಚಿ ನೋಡಿದೆ. ಒಂದು ಕಡೆ ನೀರು ಬೆರಳನ್ನು ತಳ್ಳುತ್ತಿತ್ತು, ಬಹಳ ಸಣ್ಣಗೆ. "ಹರೀತಿದೆ ಕಣೇ" ಎಂದೆ. ಅಷ್ಟೇ ಎಂದೆ.

ಅವಳು ಬಾಗಿನವನ್ನು ಸೆರಗಿನಿಂದ ಮುಚ್ಚಿ ಗುಂಡಿಯ ಬಾಯಿಗೆ ಹಿಡಿದು, ಮೂರು ಸಲ ಮುಟ್ಟಿಸಿ, ಪಕ್ಕದ ಒದ್ದೆ ಮರಳಿನ ಮೇಲೆ ಇಟ್ಟಳು. ಅಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದ ಆ ಹೆಂಗಸು ಈಗ ನನ್ನನ್ನು ಕೇಳಿದಳು, ಇದು ಯಾರಿಗೆ ಎಂದು. ನದಿಗೆ ಎಂದೆ. ಇಲ್ಲೇ ಬಿಟ್ಟರೆ ಆಡು ತಿನ್ನುತ್ತವೆ ಎಂದಳು. ನಾನು ಹೆಂಡತಿಗೆ ಹೇಳಿದೆ. ಹೆಂಡತಿ ಒಂದು ಗಳಿಗೆ ಯೋಚಿಸಿ, ಬಾಗಿನ ಎತ್ತಿ, ಸೆರಗು ಹಿಡಿದೇ ಅವಳಿಗೆ ಕೊಟ್ಟಳು. ಅವಳು ಅಕ್ಕಿ, ಬೇಳೆ, ಬೆಲ್ಲವನ್ನು ಮೂಸಿ ಬಟ್ಟೆಯಲ್ಲಿ ಕಟ್ಟಿಕೊಂಡಳು. ಗಾಜಿನ ಬಳೆಯನ್ನು ನಗುತ್ತ ವಾಪಸು ಕೊಟ್ಟಳು, ತೋಡುವಾಗ ಒಡೆಯುತ್ತವೆ ಎಂದು ಕೈ ತೋರಿಸಿದಳು. ಅತ್ತೆ ಅವನ್ನು ಬಿಡದೆ ಮತ್ತೆ ಕೊಟ್ಟರು. ಇಬ್ಬರ ನಡುವೆ ಸ್ವಲ್ಪ ಹೊತ್ತು ತಳ್ಳಾಟ ನಡೆಯಿತು. ಕೊನೆಗೆ ಅವಳು ತನ್ನ ಮಣಿಸರದಿಂದ ಒಂದು ಎಳೆ ಬಿಚ್ಚಿ ಅತ್ತೆಯ ಕೊರಳಿಗೆ ಹಾಕಿ ಬಳೆ ತೆಗೆದುಕೊಂಡಳು. ಒಂದು ಮೊರವನ್ನು ಗುಂಡಿಗೆ ಮುಚ್ಚಳವಾಗಿ ಹಾಕಿ, ಹೊಂದಿತೇ ಎಂದು ಒತ್ತಿ ನೋಡಿದಳು.

ಕ್ಯಾನುಗಳು ತುಂಬುವವರೆಗೆ ಕಾದು, ಅವಳನ್ನು ಅವಳ ಊರಿನ ಬಳಿ ಇಳಿಸಿ, ತಿರುಗಿ ಹೊರಟೆವು. ಅಸಾಂಟೆ, ಉಪಕಾರವಾಯಿತು, ಎಂದು ಅವಳು ಬಸ್ಸಿನ ಮೈ ತಟ್ಟಿದಳು. ಮಗಳು ಹಿಂದಿನ ಸೀಟಿಗೆ ಹೋಗದೆ ಅಮ್ಮನ ಪಕ್ಕದಲ್ಲಿ, ಬಾಗಿನ ಇದ್ದ ಜಾಗದಲ್ಲಿ ಕೂತಳು. ಮಗಳು ಒಂದು ಸಲ ಸೀನಿದಳು, ಧೂಳಿಗೆ. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಹೆಂಡತಿಯ ಕೈ ಮೇಲಕ್ಕೆದ್ದಿತು, ಆಮೇಲೆ ಕಿಟಕಿಯ ಗಾಜು ಎಳೆದು ಮುಚ್ಚಿತು, ಅಷ್ಟೇ.

ಡಾಂಬರು ರಸ್ತೆ ಸೇರಿದ ಮೇಲೆ ಅವಳು ಕೇಳಿದಳು, ಹೊರಗೆ ನೋಡುತ್ತಲೇ.

"ಆ ಹಾಸ್ಟೆಲ್‌ನಲ್ಲಿ ಮೊಸರು ಕೊಡ್ತಾರಾ?"

"ಐ ಡೋಂಟ್ ನೋ, ಅಮ್ಮಾ. ಕೇಳ್ಲಾ?"

"ಕೇಳು."